ಹೊಟ್ಟೆ ಮೇಲಿನ ಆರು ಮನೆಗಳು

"ಸಿಕ್ಸ್ ಪ್ಯಾಕ್" ಅನ್ನೋ ಮಾತು ಎಲ್ಲಿಂದ ಬಂತು ಅಂತ ಯಾವಾಗ್ಲಾದ್ರೂ ಯೋಚಿಸಿದ್ದೀರಾ? ಅಮೆರಿಕದ ಅಂಗಡಿಗಳಲ್ಲಿ ಬಿಯರ್ ಡಬ್ಬಿಗಳನ್ನು ಆರಾರು ಸೇರಿಸಿ ಕಟ್ಟಿ ಮಾರ್ತಾರಲ್ಲ, ಆ ಕಟ್ಟಿನ ಹೆಸರು ಅದು. ಎರಡು ಸಾಲು, ಸಾಲಿಗೆ ಮೂರು ಡಬ್ಬಿ. ಬಿಯರ್ ಕುಡಿದ್ರೆ ಹೊಟ್ಟೆ ಬರುತ್ತೆ ಅಂತ ಊರೆಲ್ಲ ಬೈಯುತ್ತೆ. ಅದೇ ಬಿಯರ್ ಡಬ್ಬಿಯ ಹೆಸರು ಹೊಟ್ಟೆ ಇಲ್ಲದವನ ಬಿರುದಾಯ್ತು :-)

ನಮ್ಮ ದೇಶದಲ್ಲಿ ಈ ಮಾತು ಮನೆಮನೆಗೆ ಬಂದಿದ್ದು 2007ರಲ್ಲಿ 'ಓಂ ಶಾಂತಿ ಓಂ' ಸಿನಿಮಾದಲ್ಲಿ ಶಾರುಖ್ ಖಾನ್ ಅಂಗಿ ಬಿಚ್ಚಿದ ಮೇಲೆ. ಮರುವರ್ಷ 'ಘಜನಿ'ಯಲ್ಲಿ ಆಮೀರ್ ಖಾನ್ ಸರದಿ. ನಾನಾಗ ಶಾಲೆಯಲ್ಲಿದ್ದೆ. ನಮ್ಮ ಕ್ಲಾಸಿನ ಹುಡುಗರೆಲ್ಲ ಉಸಿರು ಬಿಗಿ ಹಿಡಿದು ಹೊಟ್ಟೆ ಒಳಗೆ ಎಳ್ಕೊಂಡು ಎಣಿಸಿಕೊಂಡಿದ್ದೇ ಎಣಿಸಿಕೊಂಡಿದ್ದು. ಎಣಿಸೋಕೆ ಸಿಗ್ತಿದ್ದುದು ಪಕ್ಕೆಲುಬು ಮಾತ್ರ.

ಈಗ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆಗೆದರೆ ಸಾಕು, ಚರ್ಚೆ ಶುರು. ಒಬ್ಬ "ದಿನಕ್ಕೆ ನೂರು ಕ್ರಂಚಸ್ ಹೊಡಿ ಮಗಾ" ಅಂತಾನೆ. ಇನ್ನೊಬ್ಬ "ಮೊದಲು ಅನ್ನ ಬಿಡು" ಅಂತಾನೆ. ವ್ಯಾಯಾಮವೋ, ಊಟವೋ? ಈ ಜಗಳ ಇವತ್ತಿನದಲ್ಲ. ಸುಮಾರು 160 ವರ್ಷಗಳ ಇತಿಹಾಸ ಇದೆ ಇದಕ್ಕೆ. ಅದರಲ್ಲಿ ನಮ್ಮ ಬೆಂಗಳೂರಿನವರೊಬ್ಬರು ದೊಡ್ಡ ಹೆಸರು. ಅವರ ಕಾದಂಬರಿಯನ್ನು ನಿಮ್ಮಲ್ಲಿ ಕೆಲವರು ಓದಿರುತ್ತೀರಿ ಕೂಡ. ಯಾರು ಅಂತ ಊಹಿಸ್ತಾ ಇರಿ, ಮುಂದೆ ಹೇಳ್ತೀನಿ.

ಮೊದಲು ಸ್ವಲ್ಪ ಅಂಗರಚನೆ. ಎದೆಗೂಡಿನ ಕೆಳಗಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಹೊಟ್ಟೆಯ ಮುಂಭಾಗದಲ್ಲಿ ಒಂದು ಜೊತೆ ಉದ್ದನೆಯ ಸ್ನಾಯುಗಳಿವೆ. ಎರಡರ ಮಧ್ಯೆ ಉದ್ದಕ್ಕೆ ಒಂದು ಬಿಳಿ ಗೆರೆ. ಅಡ್ಡಕ್ಕೆ, ಸಾಮಾನ್ಯವಾಗಿ ಮೂರು ಕಡೆ, ಗಟ್ಟಿ ನಾರಿನ ಪಟ್ಟಿಗಳು ಆ ಸ್ನಾಯುವನ್ನು ಕಟ್ಟಿಹಾಕಿವೆ. ಪಟ್ಟಿಗಳ ನಡುವಿನ ಮಾಂಸ ಉಬ್ಬಿದಾಗ ಚೌಕಾಬಾರದ ಮನೆಗಳ ಹಾಗೆ ಕಾಣುತ್ತೆ, ಅಷ್ಟೆ. ಈ ಪಟ್ಟಿಗಳು ಎಷ್ಟು, ಎರಡೂ ಕಡೆ ಸಮವಾಗಿವೆಯೋ ಇಲ್ಲವೋ ಅನ್ನೋದು ಹುಟ್ಟಿನಿಂದಲೇ ಬಂದದ್ದು. ನಾಲ್ಕು ಮನೆ ಇರೋನು ತಿಪ್ಪರಲಾಗ ಹಾಕಿದ್ರೂ ಆರು ಆಗಲ್ಲ.

ಅಂದರೆ ಈ ಮನೆಗಳು ನಿಮಗೂ ಇವೆ, ನನಗೂ ಇವೆ, ಬೀದಿ ಕೊನೆಯ ಹೋಟೆಲಿನ ಗಲ್ಲಾ ಮೇಲೆ ಕೂತ ಮಾಲೀಕರಿಗೂ ಇವೆ. ಮೇಲೆ ಕೊಬ್ಬಿನ ಹೊದಿಕೆ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ಎಲ್ಲ ಸರಿಯಾಗೇ ಓಡ್ತಿದೆ, ಸ್ಕ್ರೀನ್ ಮೇಲೆ ಇನ್ನೊಂದು ವಿಂಡೋ ಕೂತಿದೆ. ಗಂಡಸರಲ್ಲಿ ದೇಹದ ಕೊಬ್ಬು ಸುಮಾರು ಶೇಕಡ 10-12ಕ್ಕೆ ಇಳಿದಾಗ ಮನೆಗಳು ಕಾಣೋಕೆ ಶುರುವಾಗುತ್ತವೆ. ಹೆಂಗಸರ ದೇಹಕ್ಕೆ ಸಹಜವಾಗಿಯೇ ಹೆಚ್ಚು ಕೊಬ್ಬು ಬೇಕು, ಅವರಿಗೆ ಆ ಮಟ್ಟ ಇನ್ನೂ ಮೇಲಿರುತ್ತೆ.

ಹಳೇ ಕಾಲದವರಿಗೆ ಇದರ ಹುಚ್ಚು ಇರಲಿಲ್ಲವೇ ಅಂದ್ರೆ, ಗ್ರೀಕರಿಗೆ ಇತ್ತು. ಕ್ರಿಸ್ತಪೂರ್ವ 5ನೇ ಶತಮಾನದ ಶಿಲ್ಪಿ ಪಾಲಿಕ್ಲೈಟಸನ ಈಟಿ ಹಿಡಿದ ಯುವಕನ ಪ್ರತಿಮೆ (ನಮಗೆ ಉಳಿದಿರೋದು ಅದರ ರೋಮನ್ ನಕಲುಗಳು) ನೋಡಿ, ಹೊಟ್ಟೆಯ ಮೇಲೆ ಗೆರೆ ಎಳೆದಂತೆ ಮನೆಗಳು. ಗ್ರೀಕ್ ಯೋಧರು, ಆಮೇಲೆ ರೋಮನ್ ಸೇನಾಧಿಪತಿಗಳು ತೊಡ್ತಿದ್ದ ಒಂದು ಬಗೆಯ ಲೋಹದ ಎದೆಕವಚದ ಮೇಲೂ ಎದೆ, ಹೊಟ್ಟೆಯ ಸ್ನಾಯುಗಳನ್ನ ಅಚ್ಚೊತ್ತಿರ್ತಿದ್ರು. ಒಳಗೆ ಎಂಥ ಹೊಟ್ಟೆಯಾದರೂ ಇರಲಿ, ಹೊರಗೆ ಕಂಚಿನ ಸಿಕ್ಸ್ ಪ್ಯಾಕ್! ಇದಕ್ಕಿಂತ ಸುಲಭದ ದಾರಿ ಇವತ್ತಿಗೂ ಯಾರೂ ಕಂಡುಹಿಡಿದಿಲ್ಲ.

ಈಗ ನಮ್ಮ ಶ್ರವಣಬೆಳಗೊಳಕ್ಕೆ ಬನ್ನಿ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ ಗೊಮ್ಮಟ, ಎತ್ತರ 57-58 ಅಡಿ. ಅಣ್ಣ ಭರತನನ್ನ ಮಲ್ಲಯುದ್ಧದಲ್ಲಿ ಎತ್ತಿ ಹಿಡಿದವನು ಬಾಹುಬಲಿ, ಹೆಸರಲ್ಲೇ ತೋಳ್ಬಲ ಇದೆ. ಆದರೆ ಹೊಟ್ಟೆ ನೋಡಿ, ನುಣುಪು. ಒಂದು ಮನೆಯೂ ಇಲ್ಲ. ಶಿಲ್ಪಿಗೆ ಬರ್ತಿರಲಿಲ್ಲ ಅಂತಲ್ಲ. ತೊಡೆಗೆ ಹಬ್ಬಿದ ಬಳ್ಳಿಯ ಎಲೆಗಳನ್ನ ಅಷ್ಟು ಸೂಕ್ಷ್ಮವಾಗಿ ಕೆತ್ತಿದವನಿಗೆ ಹೊಟ್ಟೆಯ ಆರು ಉಬ್ಬು ಕಷ್ಟವೇ? ನಮ್ಮ ಶಿಲ್ಪಿಗಳಿಗೆ ಬಲ ಅಂದ್ರೆ ಅಗಲ ಹೆಗಲು, ಉಸಿರು ತುಂಬಿ ನಿಂತ ಮೈ. ಚರ್ಮದ ಕೆಳಗಿನ ಮಾಂಸ ತೋರಿಸೋದು ಅವರಿಗೆ ಬೇಕಿರಲಿಲ್ಲ.

ನಮ್ಮ ಗರಡಿಮನೆಗಳದ್ದೂ ಇದೇ ಲೆಕ್ಕ. ಪೈಲ್ವಾನರು ಬೆಳಗಿನ ಜಾವ ಎದ್ದು ಮಟ್ಟಿಯಲ್ಲಿ ಸಾಮು ಮಾಡೋರು, ದಂಡ, ಬಸ್ಕಿ, ಗದೆ ತಿರುಗಿಸೋದು... ಮೇಲೆ ಹಾಲು, ತುಪ್ಪ, ಬಾದಾಮಿ. ಅವರಲ್ಲಿ ಅಗ್ರಗಣ್ಯ ಗಾಮಾ ಪೈಲ್ವಾನ್. ದಿನಕ್ಕೆ ಸಾವಿರಗಟ್ಟಲೆ ಬಸ್ಕಿ ಹೊಡೀತಿದ್ದ ಅಂತ ಪ್ರತೀತಿ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜಿಬಿಸ್ಕೊನನ್ನ ಗಂಟೆಗಟ್ಟಲೆ ಮೇಲೇಳದಂತೆ ನೆಲಕ್ಕೆ ಒತ್ತಿಹಿಡಿದ. 1928ರಲ್ಲಿ ಪಟಿಯಾಲದಲ್ಲಿ ಅದೇ ಜಿಬಿಸ್ಕೊನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ. ಅವನ ಫೋಟೋ ನೋಡಿ, ಮರದ ಬೊಡ್ಡೆಯಂಥ ಮೈ, ಹೊಟ್ಟೆಯ ಮೇಲೆ ಆರು ಮನೆ ಹುಡುಕಿದರೂ ಸಿಗಲ್ಲ! ಬರೀ ವ್ಯಾಯಾಮದಿಂದಲೇ ಹೊಟ್ಟೆ ಮೇಲೆ ಗೆರೆ ಮೂಡೋ ಹಾಗಿದ್ರೆ ಭೂಮಿ ಮೇಲೆ ಮೊದಲು ಮೂಡಬೇಕಾಗಿದ್ದು ಗಾಮಾನಿಗೆ. ಅವನು ಉಣ್ಣುತ್ತಿದ್ದುದು ಸೆಣಸೋಕೆ, ತೋರಿಸೋಕಲ್ಲ.

ಈಗ ಆ 160 ವರ್ಷದ ಜಗಳಕ್ಕೆ ಬರೋಣ. ಅದು ಶುರುವಾಗಿದ್ದು ಶವಪೆಟ್ಟಿಗೆ ಮಾಡುವವನೊಬ್ಬನಿಂದ ಅಂದ್ರೆ ನಂಬ್ತೀರಾ?

ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಗಣ್ಯರ ಅಂತ್ಯಕ್ರಿಯೆಗಳನ್ನ ನಡೆಸಿಕೊಡುವ ಮನೆತನದವನು. ಎತ್ತರ ಐದಡಿ ಐದಂಗುಲ. 1862ರಲ್ಲಿ ಅವನ ತೂಕ 202 ಪೌಂಡ್, ಅಂದ್ರೆ ಸುಮಾರು 92 ಕಿಲೋ. ಬಗ್ಗಿ ಬೂಟಿನ ಲಾಡಿ ಕಟ್ಟೋಕಾಗ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಹಿಂದುಮುಂದಾಗಿ ಇಳೀತಿದ್ದ. ಇದಕ್ಕೂ ಮುಂಚೆ ವೈದ್ಯರೊಬ್ಬರು "ವ್ಯಾಯಾಮ ಮಾಡಪ್ಪಾ" ಅಂದಿದ್ರು. ಸರಿ, ಬೆಳಿಗ್ಗೆ ಬೆಳಿಗ್ಗೆ ಒಂದೆರಡು ಗಂಟೆ ನದಿಯಲ್ಲಿ ದೋಣಿಗೆ ಹುಟ್ಟು ಹಾಕಿದ. ಏನಾಯ್ತು ಗೊತ್ತೇ? ತೋಳು ಗಟ್ಟಿಯಾಯ್ತು, ಜೊತೆಗೆ ಭಯಂಕರ ಹಸಿವು! ತಿಂದ, ತೂಕ ಇನ್ನೂ ಏರಿತು. ಕೊನೆಗೆ ಕಿವಿ ಮಂದವಾಯ್ತು ಅಂತ ವಿಲಿಯಂ ಹಾರ್ವೆ ಅನ್ನೋ ಕಿವಿ ವೈದ್ಯನ ಹತ್ರ ಹೋದರೆ ಆತ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರು, ಬೆಣ್ಣೆ, ಹಾಲು ಬಿಡಿಸಿದ. ಮಾಂಸ, ಮೀನು, ದ್ರಾಕ್ಷಾರಸಕ್ಕೆ ಅಡ್ಡಿಯಿಲ್ಲ (ನಮ್ಮ ಕಡೆ ಇದನ್ನ ಪಥ್ಯ ಅಂದ್ರೆ ಅಜ್ಜಿ ನಗ್ತಾಳೆ). ಒಂದು ವರ್ಷದಲ್ಲಿ 46 ಪೌಂಡ್, ಅಂದ್ರೆ 21 ಕಿಲೋ ಇಳಿದ. ಸೊಂಟ ಒಂದಡಿಗೂ ಮಿಕ್ಕಿ ಸಣ್ಣದಾಯ್ತು.

1863ರಲ್ಲಿ ಬ್ಯಾಂಟಿಂಗ್ ಈ ಕಥೆಯನ್ನ ಪುಟ್ಟ ಪುಸ್ತಿಕೆ ಮಾಡಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಮೊದಲು ಪುಕ್ಕಟೆಯಾಗಿ ಹಂಚಿದ. ಸ್ವೀಡಿಶ್ ಭಾಷೆಯಲ್ಲಿ ಇವತ್ತಿಗೂ ಪಥ್ಯ ಮಾಡೋದಕ್ಕೆ 'ಬಾಂಟ' ಅನ್ನೋ ಕ್ರಿಯಾಪದ ಇದೆ, ಅದು ಇವನ ಹೆಸರೇ. "ಊಟ ನೋಡ್ಕೊಂಡು ಮಾಡಿ" ಅಂದ ಬ್ಯಾಂಟಿಂಗ್ ಪುಕ್ಕಟೆ ಹಂಚಿದ ಅನ್ನೋದನ್ನ ನೆನಪಿಟ್ಕೊಳ್ಳಿ. ಯಾಕಂದ್ರೆ ಮುಂದಿನವನು ಮಾರಿದ.

ಯೂಜೆನ್ ಸ್ಯಾಂಡೋ. ಹುಟ್ಟಿದ್ದು 1867ರಲ್ಲಿ, ಆಗ ಪ್ರಷ್ಯಾದಲ್ಲಿದ್ದ ಕೊನಿಗ್ಸ್‌ಬರ್ಗ್‌ನಲ್ಲಿ. ಭಾರ ಎತ್ತಿ ಜನರನ್ನ ರಂಜಿಸುತ್ತಿದ್ದವನು 1893ರ ಚಿಕಾಗೋ ವಿಶ್ವಮೇಳದ ಹೊತ್ತಿಗೆ ಹೊಸದೊಂದು ಕಂಡುಕೊಂಡ. ಜನ ಅವನು ಭಾರ ಎತ್ತೋದಕ್ಕಿಂತ ಅವನ ಮೈಯನ್ನೇ ಹೆಚ್ಚು ನೋಡ್ತಾರೆ! ಮೈಗೆ ಬಿಳಿ ಪುಡಿ ಬಳ್ಕೊಂಡು ಅಮೃತಶಿಲೆಯ ಗ್ರೀಕ್ ಪ್ರತಿಮೆಯ ಹಾಗೆ ನಿಲ್ಲೋಕೆ ಶುರುಮಾಡಿದ. ಅದೇ ಕಾಲಕ್ಕೆ ಫೋಟೋಗ್ರಫಿ ಅಗ್ಗವಾಗಿತ್ತು. ಅವನ ಚಿತ್ರಗಳು ಕಾರ್ಡುಗಳಾಗಿ ಊರೂರಿಗೆ ಹೋದವು. ಇದ್ದಕ್ಕಿದ್ದಂತೆ ಸಾಮಾನ್ಯ ಗುಮಾಸ್ತನಿಗೂ ತನ್ನ ಹೊಟ್ಟೆಯನ್ನ ಹೋಲಿಸಿ ನೋಡೋಕೆ ಇನ್ನೊಂದು ಹೊಟ್ಟೆ ಸಿಕ್ಕಿತು. ನಾವಿವತ್ತು ಫೋನಿನಲ್ಲಿ ಬೆರಳಾಡಿಸುತ್ತಾ ಕೊರಗೋದಕ್ಕೆ ಮೂಲ ಅಲ್ಲಿದೆ ಅನ್ನಿಸುತ್ತೆ ನನಗೆ.

ಸ್ಯಾಂಡೋ ಪುಸ್ತಕ ಮಾರಿದ, ಪತ್ರಿಕೆ ಮಾರಿದ, ಸ್ಪ್ರಿಂಗ್ ಡಂಬೆಲ್ ಮಾರಿದ, ಅಂಚೆ ಮೂಲಕ ಪಾಠ ಮಾರಿದ, ಕೊನೆಗೆ ತನ್ನ ಹೆಸರಿನ ಕೋಕೋ ಪುಡಿಯನ್ನೂ ಮಾರಿದ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ದೊಡ್ಡದೊಂದು ದೇಹದಾರ್ಢ್ಯ ಸ್ಪರ್ಧೆ ನಡೆಸಿದ. ತೀರ್ಪುಗಾರರಲ್ಲಿ ಒಬ್ಬರು ಷರ್ಲಾಕ್ ಹೋಮ್ಸ್ ಬರೆದ ಆರ್ಥರ್ ಕಾನನ್ ಡಾಯ್ಲ್! 1904-05ರಲ್ಲಿ ಭಾರತಕ್ಕೂ ಬಂದ. ನಾವು ಹಾಕ್ಕೊಳ್ಳೋ ತೋಳಿಲ್ಲದ 'ಸ್ಯಾಂಡೋ ಬನಿಯನ್' ಇದೆಯಲ್ಲ, ಆ ಹೆಸರು ಇವನದ್ದೇ ಅಂತಾರೆ. 'ಹಾಥಿ ಮೇರೆ ಸಾಥಿ' ನಿರ್ಮಿಸಿದ ತಮಿಳಿನ ಚಿನ್ನಪ್ಪ ದೇವರ್ ಹೆಸರಿನ ಹಿಂದೆಯೂ ಸ್ಯಾಂಡೋ ಇತ್ತು.

ಸ್ಯಾಂಡೋ ಬಂದು ಹೋದ ಮೇಲೆ ಭಾರತದ ಹುಡುಗರಲ್ಲಿ ವ್ಯಾಯಾಮದ ಗಾಳಿ ಬೀಸಿತು. ಆಗ ಅದರಲ್ಲಿ ಸ್ವಾತಂತ್ರ್ಯದ ಕೆಚ್ಚೂ ಸೇರಿತ್ತು. "ನೀವು ನರಪೇತಲರು" ಅಂದ ಬ್ರಿಟಿಷರಿಗೆ ಮೈಯಲ್ಲೇ ಉತ್ತರ ಕೊಡೋ ಹಠ. ಬಂಗಾಳದಲ್ಲಿ ಬಿಷ್ಣು ಚರಣ್ ಘೋಷ್, ಔಂಧ್ ಸಂಸ್ಥಾನದಲ್ಲಿ ಸೂರ್ಯನಮಸ್ಕಾರವನ್ನೇ ಚಳವಳಿ ಮಾಡಿದ ರಾಜಾ ಭವಾನರಾವ್ ಪಂತ್. ಬೆಂಗಳೂರಿನಲ್ಲಿ...

ಹೌದು, ಕೆ. ವಿ. ಅಯ್ಯರ್! 'ಶಾಂತಲಾ' ಬರೆದ ಕೆ. ವಿ. ಅಯ್ಯರ್. ಹೊಯ್ಸಳ ರಾಣಿಯ ಆ ಕಾದಂಬರಿ ನಮ್ಮಮ್ಮನ ಪುಸ್ತಕದ ಕಪಾಟಿನಲ್ಲಿತ್ತು. ಅದನ್ನ ಬರೆದವರು ತಮ್ಮ ಕಾಲಕ್ಕೆ ಭಾರತದ ಅತ್ಯಂತ ಹೆಸರುವಾಸಿ ಅಂಗಸಾಧಕರಲ್ಲಿ ಒಬ್ಬರು ಅಂತ ನನಗೆ ಎಂಜಿನಿಯರಿಂಗ್ ಮುಗಿಯೋವರೆಗೂ ಯಾರೂ ಹೇಳಿರಲಿಲ್ಲ. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್' ಅನ್ನೋ ಇಂಗ್ಲಿಷ್ ಪುಸ್ತಕಗಳು, 1937ರಲ್ಲಿ ಸೂರ್ಯನಮಸ್ಕಾರದ ಮೇಲೊಂದು. ಲಂಗೋಟಿಯಲ್ಲಿ ಗ್ರೀಕ್ ಪ್ರತಿಮೆಯ ಭಂಗಿಯಲ್ಲಿ ನಿಂತ ಅವರ ಸ್ಟುಡಿಯೋ ಫೋಟೋಗಳನ್ನ ಒಮ್ಮೆ ಹುಡುಕಿ ನೋಡಿ. ಹೊಟ್ಟೆಯ ಒಂದೊಂದು ಮನೆಯನ್ನೂ ಉಳಿಯಲ್ಲಿ ಬಿಡಿಸಿದ ಹಾಗಿದೆ. ಪ್ರೋಟೀನ್ ಡಬ್ಬಿ ಇಲ್ಲದ, ಫೋಟೋಶಾಪ್ ಇಲ್ಲದ ಕಾಲ ಅದು!

ಅಯ್ಯರ್ ಅವರ ವಿಶೇಷ ಅಂದ್ರೆ ಅವರು ಯಾವುದನ್ನೂ ದೂರ ಇಡಲಿಲ್ಲ. ಪಾಶ್ಚಾತ್ಯರ ಬಾರ್‌ಬೆಲ್ಲೂ ಬೇಕು, ಹಠಯೋಗದ ಆಸನಗಳೂ ಬೇಕು, ಸೂರ್ಯನಮಸ್ಕಾರವೂ ಬೇಕು. ಅವರ ವ್ಯಾಯಾಮಶಾಲೆ ಇದ್ದದ್ದು ಇವತ್ತು ಕಾರಿನ ಬಿಡಿಭಾಗಗಳ ಅಂಗಡಿಗಳಿಗೆ ಹೆಸರಾದ ಜೆ. ಸಿ. ರಸ್ತೆಯಲ್ಲಿ. ದೂರದವರಿಗೆ ಅಂಚೆಯಲ್ಲಿ ಪಾಠ ಕಳಿಸ್ತಿದ್ರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಅವರಿಗಿತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು 1933ರಿಂದ ಯೋಗ ಕಲಿಸ್ತಿದ್ದ ದಿನಗಳಲ್ಲೇ ಅಯ್ಯರ್ ಶೈಲಿಯ ಅಂಗಸಾಧನೆಯ ತರಗತಿಗಳೂ ಅಲ್ಲೇ ನಡೀತಿದ್ವು. ಸಂಜೆಯಾದರೆ ಕೈಲಾಸಂ ಗೆಳೆತನ, ನಾಟಕ. ವ್ಯಾಯಾಮಶಾಲೆಯ ಹುಡುಗರಿಂದಲೇ ರವಿ ಕಲಾವಿದರು ತಂಡ ಹುಟ್ಟಿತು. 'ರೂಪದರ್ಶಿ' ಓದಿದವರಿಗೆ ಗೊತ್ತು, ಅದು ಇಟಲಿಯ ಕಲಾವಿದ ಮತ್ತು ಅವನ ಮುಂದೆ ಮಾದರಿಯಾಗಿ ಕೂತವನ ಕಥೆ. ತನ್ನ ಮೈಯನ್ನೇ ಶಿಲ್ಪ ಮಾಡ್ಕೊಂಡ ಮನುಷ್ಯನಿಗೆ ಆ ಕಥೆ ಯಾಕೆ ಹಿಡಿಸಿತು ಅಂತ ಬೇರೆ ಹೇಳಬೇಕೇ?

ಅತ್ತ ಸ್ಯಾಂಡೋ ದಾರಿಯ ಇನ್ನೊಂದು ಕವಲು ಯಂತ್ರಗಳದ್ದು. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್ 19ನೇ ಶತಮಾನದಲ್ಲೇ ಹೊಟ್ಟೆಯನ್ನ ನಾದೋ, ಕುಲುಕೋ ಯಂತ್ರಗಳನ್ನ ಮಾಡಿದ್ದ. ಮುಂದೆ ಸೊಂಟಕ್ಕೆ ಪಟ್ಟಿ ಹಾಕಿ ಗಡಗಡ ನಡುಗಿಸೋ ಯಂತ್ರಗಳು ಬಂದವು. ಆಮೇಲೆ ವಿದ್ಯುತ್ ಬೆಲ್ಟ್, ಸೋಫಾ ಮೇಲೆ ಕೂತೇ ಸಿಕ್ಸ್ ಪ್ಯಾಕ್! 2002ರಲ್ಲಿ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ ಇಂಥ ಮೂರು ಬೆಲ್ಟುಗಳ ಮಾರಾಟಗಾರರ ಮೇಲೆ ಸುಳ್ಳು ಜಾಹೀರಾತಿನ ಕೇಸು ಹಾಕಿತು. ಆದರೂ ಆಸೆ ಸಾಯಲಿಲ್ಲ. ಯಾಕೆ? ಯಂತ್ರಕ್ಕೆ, ಕ್ರಂಚಸ್ ಕ್ಲಾಸಿಗೆ ಬೆಲೆ ಕಟ್ಟಬಹುದು. "ಇನ್ನೊಂದು ಮುದ್ದೆ ಬೇಡ, ಸಾಕು" ಅನ್ನೋದಕ್ಕೆ ಯಾರು ದುಡ್ಡು ಕೊಡ್ತಾರೆ ಹೇಳಿ? ವ್ಯಾಯಾಮಕ್ಕೆ ಅಷ್ಟು ಪ್ರಚಾರ ಸಿಕ್ಕಿದ್ದರ ಹಿಂದಿನ ದೊಡ್ಡ ಕಾರಣ ಇದೇ ಅಂತ ನನ್ನ ಗುಮಾನಿ.

ಹಾಗಾದ್ರೆ ವಿಜ್ಞಾನ ಏನನ್ನುತ್ತೆ? 1971ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಸರಳವಾದ ಒಂದು ಉಪಾಯ ಮಾಡಿದ್ರು. ಟೆನಿಸ್ ಆಟಗಾರರ ಎರಡೂ ಕೈ ಅಳೆದ್ರು. ವರ್ಷಗಟ್ಟಲೆ ಒಂದೇ ಕೈಗೆ ವ್ಯಾಯಾಮ ಆಗಿದೆ, ಆ ಕೈ ದಪ್ಪವೂ ಆಗಿದೆ. ಆದರೆ ಚರ್ಮದಡಿಯ ಕೊಬ್ಬಿನ ಪದರ ಮಾತ್ರ ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ! 1984ರಲ್ಲಿ ಮಸಾಚುಸೆಟ್ಸ್‌ನಲ್ಲಿ ಇನ್ನೊಂದು ಪ್ರಯೋಗ. 13 ಗಂಡಸರು, 27 ದಿನ, ತಲಾ 5004 ಸಿಟ್ ಅಪ್ಸ್. ಸೂಜಿ ಚುಚ್ಚಿ ಹೊಟ್ಟೆ, ಬೆನ್ನು, ಪೃಷ್ಠ ಮೂರೂ ಕಡೆಯ ಕೊಬ್ಬಿನ ಕಣ ತೆಗೆದು ನೋಡಿದ್ರು. ಕಣಗಳು ಸ್ವಲ್ಪ ಕುಗ್ಗಿದ್ದವು, ಆದರೆ ಮೂರೂ ಕಡೆ ಒಂದೇ ಥರ. ತೂಕ, ಸೊಂಟದಳತೆ ಎರಡೂ ಬದಲಾಗಿರಲಿಲ್ಲ. ಐದು ಸಾವಿರ ಸಲ ಎದ್ದು ಮಲಗಿದ್ದಕ್ಕೆ ಸಿಕ್ಕ ಸಂಬಳ ಇಷ್ಟು! 2023ರಲ್ಲಿ ನಾರ್ವೆಯ ಒಂದು ಸಣ್ಣ ಅಧ್ಯಯನದಲ್ಲಿ, ಹೊಟ್ಟೆಯ ಸ್ನಾಯುಗಳನ್ನ ಬಹಳ ಹೊತ್ತು ದುಡಿಸಿದವರಿಗೆ ಮುಂಡದ ಕೊಬ್ಬು ಕೊಂಚ ಹೆಚ್ಚು ಕರಗಿದ್ದು ಕಂಡುಬಂತು. ಆದರೆ ಒಟ್ಟು ಕರಗಿದ ಕೊಬ್ಬು ಟ್ರೆಡ್‌ಮಿಲ್ ಮೇಲೆ ಓಡಿದವರಷ್ಟೇ.

ಸ್ವಲ್ಪ ಲೆಕ್ಕ ಹಾಕೋಣ, ಎಂಜಿನಿಯರ್ ಅಲ್ವಾ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕಿಲೋಕ್ಯಾಲೊರಿ ಶಕ್ತಿ ಇದೆ. 70 ಕಿಲೋದ ಮನುಷ್ಯ ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗೋದು 250-300. ಹೋಟೆಲಿನ ಒಂದು ಬೆಣ್ಣೆ ಮಸಾಲೆದೋಸೆ ಅದನ್ನ ಹತ್ತು ನಿಮಿಷದಲ್ಲಿ ಸರಿದೂಗಿಸುತ್ತೆ. ಹೊದಿಕೆ ಸರಿಸೋ ಕೆಲಸದಲ್ಲಿ ಊಟದ ಪಾಲು ದೊಡ್ಡದು. "ಊಟ ಬಲ್ಲವನಿಗೆ ರೋಗವಿಲ್ಲ" ಅಂದ ನಮ್ಮ ಹಿರಿಯರು ವ್ಯಾಯಾಮ ಬಲ್ಲವನಿಗೆ ಅನ್ನಲಿಲ್ಲ, ಗಮನಿಸಿ.

ಹಾಗಂತ ವ್ಯಾಯಾಮ ದಂಡವೇ? ಖಂಡಿತ ಅಲ್ಲ. ನಾನು ಇಷ್ಟುದ್ದ ಬರೆಯೋಕೆ ಕೂತ ಕಾರಣವೇ ಇಲ್ಲಿದೆ. 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಡಾ. ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅದೇ ಬಿಎಂಐ, ಇಬ್ಬರದೂ 22.3. ನೋಡೋಕೆ ಇಬ್ಬರೂ ತೆಳ್ಳಗೆ. ಆದರೆ ದೇಹದ ಕೊಬ್ಬು ಯುಡ್ಕಿನ್‌ಗೆ ಶೇಕಡ 9.1, ಯಾಜ್ಞಿಕ್‌ಗೆ ಶೇಕಡ 21.2! ಭಾರತೀಯರು ತೆಳ್ಳಗಿದ್ದೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ, ಅದೂ ಕೊಬ್ಬು ಕೂರೋದು ಹೊಟ್ಟೆಯಲ್ಲಿ ಅಂತ ಅವರ ವಾದ. ನಮ್ಮಪ್ಪ ಯಾವತ್ತೂ ದಪ್ಪ ಇದ್ದವರಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಅದನ್ನ ನೋಡಿದ ನೆಂಟರು "ಈಗ ನೋಡಿ ಮೈ ಕೈ ತುಂಬ್ಕೊಂಡಿದೀರ" ಅಂತಿದ್ರು. ನಲವತ್ತೈದಕ್ಕೆ ಶುಗರ್ ಬಂತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ.

ಇಂಥ ಮೈಗೆ ಬರೀ ಊಟ ಬಿಟ್ಟರೆ ಇರೋ ಚೂರುಪಾರು ಸ್ನಾಯುವೂ ಕರಗುತ್ತೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಸ್ವಯಂಸೇವಕರನ್ನ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ್ರು. ತೂಕ ಕಾಲುಭಾಗ ಇಳಿಯಿತು. ಆದರೆ ಅವರಲ್ಲಿ ಬಲವೂ ಉಳಿಯಲಿಲ್ಲ, ಉತ್ಸಾಹವೂ ಉಳಿಯಲಿಲ್ಲ. ಹಗಲೂ ರಾತ್ರಿ ಊಟದ್ದೇ ಧ್ಯಾನ, ಕೆಲವರು ಅಡುಗೆ ಪುಸ್ತಕ ಕೂಡಿಹಾಕೋಕೆ ಶುರುಮಾಡಿದ್ರು! ಬಾರ್‌ಬೆಲ್ ಎತ್ತೋದು, ಬಸ್ಕಿ, ನಮಸ್ಕಾರ, ಇವೆಲ್ಲ ಬೇಕಾಗಿರೋದು ಇಲ್ಲೇ. ಸ್ನಾಯು ಬೆಳೆಸೋಕೆ, ಉಳಿಸಿಕೊಳ್ಳೋಕೆ, ರಕ್ತದ ಸಕ್ಕರೆಯನ್ನ ಸ್ನಾಯು ಹೀರಿಕೊಳ್ಳೋ ಹಾಗೆ ಮಾಡೋಕೆ.

ಏಷ್ಯಾದವರಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅಂತಾರೆ. ನಮ್ಮ ವಯಸ್ಸಿನವರು ಕನ್ನಡಿ ಮುಂದೆ ನಿಂತು ಮನೆಗಳನ್ನ ಎಣಿಸೋ ಬದಲು ಆ ಟೇಪು ಹಿಡಿಯೋದು ವಾಸಿ. ಮನೆ ನಾಲ್ಕೋ ಆರೋ ಅನ್ನೋದು ಅಪ್ಪ ಅಮ್ಮ ಕೊಟ್ಟಿದ್ದು. ಅದು ಕಾಣುತ್ತೋ ಇಲ್ಲವೋ ಅನ್ನೋದು ಶೋಕಿ. ಟೇಪಿನ ಸಂಖ್ಯೆ ಮಾತ್ರ ಬದುಕಿನ ವಿಷಯ.

ಅಂದ ಹಾಗೆ, ನಿಮ್ಮ ಮನೆಯ ಅಟ್ಟದ ಮೇಲೆ ಅಯ್ಯರ್ ಅವರ ಪಾಠದ ಹಾಳೆಗಳೋ, ಅವರ ವ್ಯಾಯಾಮಶಾಲೆಗೆ ಹೋಗ್ತಿದ್ದ ತಾತನ ಫೋಟೋನೋ ಇದ್ರೆ ದಯವಿಟ್ಟು ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಹಾಕಿ. ಶಾಂತಲೆಯನ್ನ ಓದಿದ ನಾವು ಅವಳ ಕಥೆ ಬರೆದವರ ಈ ಇನ್ನೊಂದು ಮುಖವನ್ನೂ ನೋಡಬೇಕು. ನಾನಂತೂ ಕಾಯ್ತಿರ್ತೀನಿ.